ಕೊನೆಯ ಓಟವನ್ನು ಒಪ್ಪದ ಮೇಷ್ಟ್ರು

ಅವರ ಎರಡು ಕೈಗಳೂ ಬೇರೆ ಬೇರೆ ಬಣ್ಣದವು. ಬಲಗೈ ಮೊಣಕೈವರೆಗೂ ಹಳೇ ಬೆಲ್ಲದ ಹಾಗೆ ಕಪ್ಪು. ಎಡಗೈ ಅಷ್ಟು ಕಪ್ಪಲ್ಲ, ಆದರೆ ಮುಂಗೈ ಮೇಲೆ ಅಂಗೈಯಗಲದ ಸುಟ್ಟ ಕಲೆಯೊಂದು ಹರಡಿಕೊಂಡಿತ್ತು. ಕೇಳಿದವರ ಮುಂದೆ ಎರಡೂ ಕೈ ಚಾಚಿ ತೋರಿಸುತ್ತಿದ್ದರು. "ಇದು ನಮ್ಮೂರ್ ಬಿಸ್ಲು, ಇದು ಕುವೈತ್ ಬಿಸ್ಲು. ಇಲ್ಲಿ ಲಾರಿ ಹೊಡೀವಾಗ ಕಿಟಕಿ ಮ್ಯಾಲೆ ಬಲಗೈ. ಅಲ್ಲಿ ಸ್ಟೇರಿಂಗು ಎಡಕ್ಕಿರ್ತದೆ. ಅನ್ನೊಂದು ವರ್ಷ ಎಡಗೈ ಆಚ್ಗಿಟ್ಕೊಂಡು ನೀರಿನ ಟ್ಯಾಂಕರ್ ಹೊಡ್ದೆ. ಆ ಬಿಸ್ಲು ಬಿಸ್ಲಲ್ಲ ಕಣಪ್ಪ, ಬಾಣ್ಲಿ."

ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೊಂದು ಡ್ರೈವಿಂಗ್ ಸ್ಕೂಲು. ಒಂದೇ ಕೋಣೆ, ಎರಡು ಬೆಂಚು, ರಸ್ತೆ ಚಿಹ್ನೆಗಳ ಪಾಠಕ್ಕೆ ಒಂದು ಕರೀ ಬೋರ್ಡು, ಬಾಗಿಲಲ್ಲಿ ‘ಎಲ್’ ಬರೆದ ಒಂದು ಬಿಳಿ ಕಾರು. ಊರಿನವರೆಲ್ಲ ಅವರನ್ನು ಡ್ರೈವಿಂಗ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ನಾನೂ ಮೇಷ್ಟ್ರ ಕೆಲಸದವಳೇ, ಗೋವಿಂದನಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಆದರೆ ನಾನು ಯಾರನ್ನಾದರೂ ಮನಸಾರೆ ಮೇಷ್ಟ್ರೇ ಎಂದು ಕರೆದಿದ್ದರೆ, ಎಸ್ಸೆಸ್ಸೆಲ್ಸಿಯನ್ನೂ ಪಾಸು ಮಾಡದ ಇವರೊಬ್ಬರನ್ನೇ.

ಅವರಿಗೆ ಒಂದು ಹುಚ್ಚಿತ್ತು. ಅಮೆರಿಕದಲ್ಲಿ ಸ್ಟಾಕ್ ಕಾರ್ ರೇಸು ಎಂದು ನಡೆಯುತ್ತದೆ. ನೋಡಲು ರಸ್ತೆಯ ಮೇಲಿನ ಮಾಮೂಲಿ ಕಾರುಗಳಂತೆಯೇ ಕಾಣುವ ಕಾರುಗಳು ಮೊಟ್ಟೆಯಾಕಾರದ ದೊಡ್ಡ ಮೈದಾನದ ಸುತ್ತ ನೂರಾರು ಸುತ್ತು ಹಾಕುತ್ತವೆ. ಕುವೈತಿನ ಕ್ಯಾಂಪಿನಲ್ಲಿ ಅಮೆರಿಕದ ಮೆಕ್ಯಾನಿಕ್‌ಗಳು ರಜದ ದಿನ ಶೆಡ್ಡಿನ ಟೀವಿಯಲ್ಲಿ ಅದನ್ನು ನೋಡುತ್ತಿದ್ದರಂತೆ. ಇವರು ಮೊದಮೊದಲು ಬಾಗಿಲಲ್ಲಿ ನಿಂತು ನೋಡಿದರು, ಆಮೇಲೆ ಒಳಗೆ ಕೂತು ನೋಡಿದರು, ಆಮೇಲೆ ಅವರ ಜೊತೆ ಜಗಳವಾಡುತ್ತ ನೋಡಿದರು. "ನಮ್ ಸಂತೇಗ್ ಬರೋ ಕಾರಂಗೇ ಅದೆ ಕಣಪ್ಪ. ಆದ್ರೆ ಬಾಗ್ಲು ತೆಗ್ಯಕ್ಕಾಗಕ್ಕಿಲ್ಲ, ಕಿಟಕೀಲೇ ನುಗ್ಬೇಕು. ಅಂಥ ಕಾರ್ನ ಆ ಪಾಟಿ ಓಡುಸ್ತಾರಲ್ಲ, ಅದು ಡ್ರೈವರ್ ಆಟ. ಬಾಕೀದೆಲ್ಲ ಇಂಜಿನ್ ಆಟ" ಎನ್ನುತ್ತಿದ್ದರು.

ಊರಿಗೆ ಬಂದು ಸ್ಕೂಲು ತೆರೆದ ಮೇಲೂ ಹುಚ್ಚು ಬಿಡಲಿಲ್ಲ. ಅಲ್ಲಿನ ಭಾನುವಾರದ ಓಟ ಇಲ್ಲಿ ನಾವು ಮಲಗಿರುವಾಗ ನಡೆಯುತ್ತದೆ. ಸೋಮವಾರ ಬೆಳಿಗ್ಗೆ ಆರೂವರೆಗೆ ಕೋಣೆಯ ಬಾಗಿಲು ಅರ್ಧ ಮುಚ್ಚಿ ಅದರ ರೆಕಾರ್ಡಿಂಗು ಹಾಕುತ್ತಿದ್ದರು. ನೋಡುವವರು ಮೂವರು: ಮೇಷ್ಟ್ರು, ಎದುರಿನ ಪಂಕ್ಚರ್ ಅಂಗಡಿಯ ಸಾಹೇಬರು, ಮತ್ತು ನನ್ನ ಗಂಡ. ಫಲಿತಾಂಶವನ್ನು ಮೊದಲೇ ನೋಡಿಕೊಂಡು ಬಂದವನಿಗೆ ಒಂದು ತಿಂಗಳು ಪ್ರವೇಶವಿಲ್ಲ ಎಂಬುದು ನಿಯಮ. ಓಟದವರ ಹೆಸರುಗಳು ಮೂವರ ಬಾಯಿಗೂ ಹೊರಳುತ್ತಿರಲಿಲ್ಲವಾದ್ದರಿಂದ ಸುತ್ತಲಿನ ಊರುಗಳ ಹೆಸರಿಟ್ಟಿದ್ದರು. ಗದ್ದೆ ಹಸಿರಿನ ಕಾರಿನವನು ಕಿರಂಗೂರು. ಎಂದೂ ಅವಸರ ಮಾಡದೆ ನಿಧಾನವಾಗಿ ಮುಂದೆ ಬರುವವನು ಗೋವಿಂದನಹಳ್ಳಿ. ಪಕ್ಕದವನಿಗೆ ಗುದ್ದಿಯೇ ದಾರಿ ಮಾಡಿಕೊಳ್ಳುವವನು ನಾಗಮಂಗಲ. ನನ್ನ ತವರು ನಾಗಮಂಗಲ. ಆ ಹೆಸರಿಟ್ಟದ್ದು ನನ್ನ ಗಂಡ.

ಓಟಕ್ಕಿಂತ ಅವರ ಚರ್ಚೆಯೇ ಉದ್ದ. ವರ್ಷದ ಆರಂಭದಲ್ಲಿ ಯಾವ ಕಾರಿಗೆ ಯಾರು ಡ್ರೈವರ್ ಎಂದು ತಿಳಿದ ಕೂಡಲೇ ಮೂವರೂ ತಮಗೆ ಬೇಕಾದ ನಾಲ್ಕು ನಾಲ್ಕು ಜನರನ್ನು ಆರಿಸಿ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಆದರೆ ನಿಜವಾದ ಜಗಳ ಚಾಂಪಿಯನ್ನನ್ನು ಆರಿಸುವ ಪದ್ಧತಿಯ ಮೇಲೆ. ಹಿಂದೆ ವರ್ಷದ ಎಲ್ಲ ಓಟಗಳ ಅಂಕ ಕೂಡಿಸಿ ಹೆಚ್ಚು ಬಂದವನನ್ನು ಚಾಂಪಿಯನ್ ಎನ್ನುತ್ತಿದ್ದರಂತೆ. ಆಮೇಲೆ ಅದನ್ನು ಬದಲಾಯಿಸಿದರು. ವರ್ಷದ ಕೊನೆಗೆ ನಾಲ್ವರನ್ನು ಉಳಿಸಿಕೊಂಡು, ಕೊನೆಯ ಒಂದೇ ಓಟದಲ್ಲಿ ಆ ನಾಲ್ವರಲ್ಲಿ ಮುಂದೆ ಬಂದವನೇ ಚಾಂಪಿಯನ್. ಅಲ್ಲಿಯವರೆಗಿನ ಅಂಕಗಳು ಲೆಕ್ಕಕ್ಕಿಲ್ಲ.

ಮೇಷ್ಟ್ರಿಗೆ ಇದು ಅನ್ಯಾಯ. "ನೀನೇ ಡೇರೀಲಿರೋನು, ನೀನೇ ಯೋಳ್ಲಾ" ಎಂದು ನನ್ನ ಗಂಡನನ್ನು ಹಿಡಿಯುತ್ತಿದ್ದರು. "ವರ್ಷವೆಲ್ಲ ತಪ್ದಂಗೆ ಆಲಾಕ್ದೋನ್ನ ಬುಟ್ಬುಟ್ಟು, ಕೊನೇ ದಿನ ಯಾರ್ ಕ್ಯಾನು ತುಂಬದೆ ಅಂತ ನೋಡಿ ಬೋನಸ್ ಕೊಡ್ತೀರೇನ್ಲಾ ನೀವು?"

ನನ್ನ ಗಂಡ ಡೇರಿಯಲ್ಲಿ ಸೂಪರ್‌ವೈಸರು. ಅವರಿಗೆ ಹೊಸ ಪದ್ಧತಿಯೇ ಇಷ್ಟ. "ಪರೀಕ್ಷೆ ಒಂದೇ ದಿನ ಅಲ್ವಾ ಮೇಷ್ಟ್ರೇ? ವರ್ಷವೆಲ್ಲ ಓದಿದೋನೂ ಆ ಮೂರು ಗಂಟೇಲೇ ಬರೀಬೇಕು. ಬೇಕಾದ್ರೆ ನಮ್ಮೋಳ್ನ ಕೇಳಿ. ನಿಮ್ಮ ಲೈಸೆನ್ಸ್ ಟೆಸ್ಟೂ ಹಂಗೇ ತಾನೆ? ಆವತ್ತು ಇಂಜಿನ್ ಆಫ್ ಮಾಡ್ಕೊಂಡೋನು ಫೇಲು."

ಸಾಹೇಬರು ಇಬ್ಬರ ಪಕ್ಷವೂ ಅಲ್ಲ. "ಅರೆ, ಟೈರ್ ಬಗ್ಗೆ ಯಾರೂ ಮಾತಾಡಲ್ಲ ನೋಡಿ" ಎಂದು ಟೀ ಬಗ್ಗಿಸುತ್ತಿದ್ದರು.

ಇದನ್ನೆಲ್ಲ ನಾನು ಕಣ್ಣಾರೆ ಕಂಡದ್ದಲ್ಲ, ಆಗ ಗಂಡನ ಬಾಯಲ್ಲಿ ಕೇಳಿದ್ದು. ನನಗೆ ಆ ಸೋಮವಾರಗಳನ್ನು ಕಂಡರೆ ಆಗುತ್ತಿರಲಿಲ್ಲ. ಮಗಳನ್ನು ಎಬ್ಬಿಸಿ, ತಿಂಡಿ ಮಾಡಿ, ಎಂಟು ಗಂಟೆಯ ಬಸ್ಸು ಹಿಡಿಯುವ ಹೊತ್ತಿಗೆ ಈ ಮನುಷ್ಯ ಮನೆಯಲ್ಲಿರುತ್ತಿರಲಿಲ್ಲ. ಒಂದು ಸೋಮವಾರ ಚಪ್ಪಲಿ ಮೆಟ್ಟುತ್ತಿದ್ದವರಿಗೆ, "ಆ ಕಾರುಗಳು ಎಲ್ಲಿಗೂ ಹೋಗಲ್ಲ, ಸುತ್ತಿದಲ್ಲೇ ಸುತ್ತುತ್ವೆ. ಅದನ್ನೇನು ನೋಡ್ತೀರಿ?" ಎಂದು ರೇಗಿದೆ. ನಕ್ಕು ಹೋದರು. ಆ ವಾರದ ಗುರುವಾರ ಡೇರಿಯಲ್ಲಿ ಲಾರಿಗೆ ಕ್ಯಾನು ಲೋಡು ಮಾಡಿಸುತ್ತ ನಿಂತಿದ್ದವರು ಎದೆ ಹಿಡಿದುಕೊಂಡು ಕುಸಿದರು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರಿಗೆ ನಲವತ್ತೊಂದು ವರ್ಷ.

ಹದಿಮೂರು ದಿನ ಕಳೆದ ಮೇಲೆ ನೆಂಟರೆಲ್ಲ ಹೊರಟರು. ಮರುದಿನ ಸಂಜೆ ಗೇಟಿನ ಹೊರಗೆ ಮೇಷ್ಟ್ರು ನಿಂತಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಅಂಗಳದಲ್ಲಿ ಧೂಳು ಹಿಡಿದು ನಿಂತಿದ್ದ ನಮ್ಮ ಕಾರಿನ ಕಡೆ ನೋಡುತ್ತ, "ನಿಂತ ಕಾರು ಕೆಡ್ತದೆ ಕಣವ್ವ" ಎಂದರು.

"ನಮ್ಮ ಭಾವನವರು ತಗೊಂಡು ಹೋಗ್ತೀನಿ ಅಂದಿದ್ದಾರೆ" ಎಂದೆ.

"ಅವ್ರಿಗ್ಯಾಕೆ? ನಿಂಗೆ ಕಾಲಿಲ್ವಾ, ಕೈಯಿಲ್ವಾ? ನಾಳೆ ಆರ್ ಗಂಟೆಗ್ ಬತ್ತೀನಿ. ಸೀರೆ ಉಡ್ಬೇಡ, ಚೂಡಿದಾರ ಆಕ್ಕೋ."

ನನಗೆ ಆಗ ಏನೂ ಬೇಕಿರಲಿಲ್ಲ. ಬೇಡ ಎನ್ನುವಷ್ಟು ಶಕ್ತಿಯೂ ಇರಲಿಲ್ಲ. ಮರುದಿನ ಬಂದೇಬಿಟ್ಟರು. ಕಿಕ್ಕೇರಿ ರಸ್ತೆಯಲ್ಲಿ ನನ್ನನ್ನು ಸ್ಟೇರಿಂಗಿನ ಮುಂದೆ ಕೂರಿಸಿ ತಾವು ಎಡಕ್ಕೆ ಕೂತರು. ಗಂಡ ಕೂರುತ್ತಿದ್ದ ಸೀಟು ಹಿಂದಕ್ಕೆ ಸರಿದೇ ಇತ್ತು. ನನ್ನ ಕಾಲು ಪೆಡಲಿಗೆ ಎಟುಕಲಿಲ್ಲ. ಸೀಟನ್ನು ಮುಂದಕ್ಕೆ ಎಳೆದುಕೊಳ್ಳಲು ನನಗೆ ಕೈ ಬರಲಿಲ್ಲ. ಅವರು ಎಳ್ಕೋ ಎಂದು ಗದರಲಿಲ್ಲ, ತಾವೂ ಎಳೆಯಲಿಲ್ಲ. ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂತರು. ಎಷ್ಟೋ ಹೊತ್ತಾದ ಮೇಲೆ ನಾನೇ ಬಗ್ಗಿ ಸೀಟು ಎಳೆದುಕೊಂಡೆ. "ಊಂ, ಈಗ ಕ್ಲಚ್ಚು" ಎಂದರು.

ಪಾಠದಲ್ಲಿ ಅವರಿಗೆ ಸಿಟ್ಟೆಂಬುದೇ ಇರಲಿಲ್ಲ. ಗೇರು ಕಿರುಗುಟ್ಟಿದರೆ, "ಅದ್ಕೆ ನೋವಾಯ್ತು ನೋಡು" ಎನ್ನುತ್ತಿದ್ದರು. ಹಿಂದಿನಿಂದ ಬಸ್ಸು ಹಾರ್ನು ಹೊಡೆದು ನಾನು ಕಂಗಾಲಾದರೆ, "ಅವ್ನ್ ಅವಸ್ರ ಅವುಂದು, ನಿನ್ ರಸ್ತೆ ನಿಂದು." ಒಂದು ದಿನ ಗೋವಿಂದನಹಳ್ಳಿಯ ಗುಡಿಯ ಹತ್ತಿರದ ತಿರುವಿನಲ್ಲಿ ನಾನು ಕಾರು ನಿಲ್ಲಿಸಿ, ಆಗಲ್ಲ ಮೇಷ್ಟ್ರೇ ಎಂದು ಸ್ಟೇರಿಂಗಿನ ಮೇಲೆ ತಲೆಯಿಟ್ಟೆ. ಅವರು ಸಮಾಧಾನದ ಮಾತಾಡಲಿಲ್ಲ. "ಇಲ್ಲಿಂದ ನಿನ್ ಸ್ಕೂಲು ಎಷ್ಟು ದೂರವ್ವಾ?" ಎಂದರು. ಹತ್ತಿರವೇ ಎಂದೆ. "ಅಂಗಾರೆ ಅಲ್ಲೀಗಂಟ ಓಡ್ಸು. ಸಾಕು. ಆಮ್ಯಾಕೆ ಆಗಲ್ಲ ಅನ್ನು." ಓಡಿಸಿದೆ. ಅದರ ಮರುವಾರದಿಂದ ನಾನು ಬಸ್ಸು ಹತ್ತಿಲ್ಲ.

ಈ ನಡುವೆ ಅವರಿಗೂ ಸಾಹೇಬರಿಗೂ ಮಾತು ನಿಂತುಹೋಗಿದೆ ಎಂದು ತಿಳಿಯಿತು. ಕಾರಣ ನನ್ನ ಗಂಡ. ಬೋರ್ಡಿನ ಮೇಲೆ ಅವರ ಕಾಲಮ್ಮು ಹಾಗೇ ಇತ್ತು. ಪ್ರತಿ ಸೋಮವಾರ ಮೇಷ್ಟ್ರು ಅದಕ್ಕೂ ಅಂಕ ಹಾಕುತ್ತಿದ್ದರು. ಸಾಹೇಬರಿಗೆ ಅದನ್ನು ನೋಡಲಾಗುತ್ತಿರಲಿಲ್ಲ. "ಹೋದೋರ್ನ ಹೋಗೋಕೆ ಬಿಡಿ ಮೇಷ್ಟ್ರೇ, ಅಳಿಸಿ" ಎಂದರಂತೆ. "ವರ್ಷ ಮುಗಿಯೋಗಂಟ ಅಳ್ಸಕ್ಕಿಲ್ಲ" ಎಂದರಂತೆ ಇವರು. ಕೊನೆಗೆ ಒಂದು ಪಾಠದ ನಂತರ ತಡವರಿಸುತ್ತ ನನ್ನನ್ನೇ ಕೇಳಿದರು. "ನೀನು ಬಂದು ನೋಡಿ ಯೋಳವ್ವ. ನೀನ್ ಅಳ್ಸು ಅಂದ್ರೆ ಅಳುಸ್ತೀನಿ."

ಸೋಮವಾರ ಹೋದೆ. ಸಿಟ್ಟಿನಲ್ಲೇ ಹೋದೆ, ನನ್ನ ಗಂಡ ಸತ್ತದ್ದು ಇವರಿಗೊಂದು ಆಟದ ವಿಷಯವಾಯಿತೇ ಎಂದು. ಬೋರ್ಡಿನಲ್ಲಿ ಮೂರು ಕಾಲಮ್ಮು. ನಡುವಿನದು ನನ್ನ ಗಂಡನ ಕೈಬರಹ. ‘ಗ’ ಬರೆಯುವಾಗ ಕೊಂಡಿಯನ್ನು ಮೇಲಕ್ಕೆ ಎಳೆಯುತ್ತಿದ್ದರು. ಗೋವಿಂದನಹಳ್ಳಿ, ನಾಗಮಂಗಲ, ಮತ್ತೆರಡು ಹೆಸರು. ಸೀಮೆಸುಣ್ಣದ ಆ ಗೆರೆ ಒಂದು ಉಸಿರಿಗೆ ಅಳಿಸಿಹೋಗುವಂತಿತ್ತು. ಅದನ್ನು ಕಾಪಾಡಲು ಆ ಭಾಗಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದರ ಕೆಳಗೆ ಅಂಕಗಳನ್ನು ಬರೆದಿದ್ದರು. ನಾನು ಬೆಂಚಿನ ಮೇಲೆ ಕೂತೆ. "ಇರಲಿ" ಎಂದೆ. ಬಾಗಿಲಾಚೆ ನಿಂತಿದ್ದ ಸಾಹೇಬರು ಒಳಗೆ ಬಂದು ನನಗೊಂದು ಟೀ ತರಿಸಿದರು.

ಆಮೇಲೆ ಪ್ರತಿ ಸೋಮವಾರವೂ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದೆ. ಹಳದಿ ಬಾವುಟ ಎಂದರೆ ಅಪಘಾತ, ಎಲ್ಲರೂ ನಿಧಾನಿಸಿ ಮತ್ತೆ ಸಾಲುಗೂಡಬೇಕು ಎಂಬುದು ತಿಳಿಯಿತು. ಗೋವಿಂದನಹಳ್ಳಿ ಆ ವರ್ಷ ಎಲ್ಲರಿಗಿಂತ ಮುಂದಿದ್ದ. ಪ್ರತಿ ವಾರವೂ ಗೆಲ್ಲುತ್ತಿರಲಿಲ್ಲ, ಆದರೆ ಪ್ರತಿ ವಾರವೂ ಮೇಲಿನ ಐದಾರು ಜನರಲ್ಲಿ ಇರುತ್ತಿದ್ದ. ಮೇಷ್ಟ್ರು ಅವನನ್ನು ನೋಡಿ, "ನಿನ್ ಗಂಡುಂಗೆ ಕಣ್ಣಿತ್ತು ಕಣವ್ವ" ಎನ್ನುತ್ತಿದ್ದರು.

ನವೆಂಬರಿನ ಆ ಸೋಮವಾರ ಕೊನೆಯ ಓಟ. ಉಳಿದ ನಾಲ್ವರಲ್ಲಿ ಗೋವಿಂದನಹಳ್ಳಿಯೂ ಒಬ್ಬ. ಮೊದಲಿಂದಲೂ ಅವನದೇ ಮುನ್ನಡೆ. ಇನ್ನು ನಾಲ್ಕೇ ಸುತ್ತು ಎನ್ನುವಾಗ ಸಾಹೇಬರು ಎದ್ದು ನಿಂತಿದ್ದರು. ಹಿಂದೆಲ್ಲೋ, ಇದಕ್ಕೆ ಸಂಬಂಧವೇ ಇಲ್ಲದ ಒಬ್ಬನ ಕಾರು ಗೋಡೆಗೆ ತಗುಲಿತು. ಹಳದಿ ಬಾವುಟ. ಅಷ್ಟು ಹೊತ್ತು ಗಳಿಸಿದ ಅಂತರವೆಲ್ಲ ಸೊನ್ನೆಯಾಗಿ ಎಲ್ಲ ಕಾರುಗಳೂ ಒತ್ತೊತ್ತಾಗಿ ಸಾಲುಗೂಡಿದವು. ಆ ಬಿಡುವಿನಲ್ಲಿ ಟೈರು ಬದಲಿಸಲು ಎಲ್ಲರೂ ಪಕ್ಕಕ್ಕೆ ಇಳಿದರು. ಗೋವಿಂದನಹಳ್ಳಿ ನಾಲ್ಕೂ ಟೈರು ಬದಲಿಸಿಕೊಂಡು ಬಂದ, ಮಿಕ್ಕವರು ಎರಡೇ ಬದಲಿಸಿಕೊಂಡು ಅವನಿಗಿಂತ ಮೊದಲು ಹೊರಬಿದ್ದರು. ಮತ್ತೆ ಓಟ ಶುರುವಾಗಿ ಮುಗಿಯುವಷ್ಟರಲ್ಲಿ ಅವನನ್ನು ದಾಟಿ ಮತ್ತೊಬ್ಬ ಚಾಂಪಿಯನ್ ಆಗಿದ್ದ.

"ಯಾ ಅಲ್ಲಾ" ಎಂದು ಸಾಹೇಬರು ಕುಳಿತುಬಿಟ್ಟರು.

ಮೇಷ್ಟ್ರು ಎದ್ದು ಬೋರ್ಡಿನ ಹತ್ತಿರ ಹೋದರು. ಬೆನ್ನು ನಮ್ಮ ಕಡೆಗಿತ್ತು. ವರ್ಷದ ಅಂಕಗಳನ್ನೆಲ್ಲ ಕೂಡಿಸಿದರು. "ನೋಡವ್ವ" ಎಂದರು. "ನಮ್ ಅಳೇ ಪದ್ಧತೀಲಿ ಇವ್ನೇ ಗೆದ್ದವ್ನೆ. ಎಲ್ರಿಗಿಂತ ಮುಂದವ್ನೆ. ನಾನು ಇದ್ನೇ ತಾನೇ ಬಡ್ಕಂತಿದ್ದುದ್ದು? ವರ್ಷವೆಲ್ಲ ಚೆನ್ನಾಗಿದ್ದೋನ್ನ ಒಂದ್ ಗಳಿಗೇಲಿ ಇಂಗೆ... ಗೆದ್ದ ಅಂತ ಬರೀತೀನಿ."

ನಾನು ಎದ್ದು ಹೋಗಿ ಅವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡೆ. "ಅವರು ಒಪ್ತಿರಲಿಲ್ಲ ಮೇಷ್ಟ್ರೇ. ಅವರ ಪದ್ಧತಿಯಲ್ಲಿ ಅವರು ಸೋತ್ರು" ಎಂದು, ಗಂಡನ ಕೈಬರಹದ ಕೆಳಗೆ ‘ಸೋತರು’ ಎಂದು ಬರೆದೆ. ಬರೆದು ಮುಗಿಸಿದ್ದೇ ಅಳು ಬಂತು. ಸತ್ತ ದಿನ ಅತ್ತಿರಲಿಲ್ಲ. ಶವ ಎತ್ತುವಾಗಲೂ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು, ಅಳು ಬಂದಿರಲಿಲ್ಲ. ಆವತ್ತು ಆ ಕೋಣೆಯ ನೆಲದ ಮೇಲೆ ಕೂತು ಅತ್ತೆ. ಸಾಹೇಬರು ಹೊರಗೆ ಹೋಗಿ ಬಾಗಿಲು ಪೂರ್ತಿ ಮುಚ್ಚಿ ಕಾವಲು ನಿಂತರು. ಮೇಷ್ಟ್ರು ಎದುರಿನ ಬೆಂಚಿನಲ್ಲಿ ಕೂತು ತಾವೂ ಟವಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

ಮುಂದಿನ ವರ್ಷದಿಂದ ಆ ಕಾಲಮ್ಮು ನನ್ನದಾಯಿತು. ಆರು ವರ್ಷ ಸೋಮವಾರಗಳನ್ನು ತಪ್ಪಿಸಲಿಲ್ಲ. ಗಂಡನ ವಾದವನ್ನು ನಾನೇ ಮಾಡುತ್ತಿದ್ದೆ, ಮೇಷ್ಟ್ರು ನನ್ನ ಮೇಲೂ ಹಾಗೇ ಕೂಗಾಡುತ್ತಿದ್ದರು.

ಒಂದು ಜನವರಿಯಲ್ಲಿ ಹೊಸ ಪಟ್ಟಿ ಬಂತು. ಕಿರಂಗೂರನ್ನು, ಅಂದರೆ ಆ ಹಸಿರು ಕಾರಿನ ಹಳೇ ಡ್ರೈವರನ್ನು, ತೆಗೆದು ಇಪ್ಪತ್ತರ ಹುಡುಗನೊಬ್ಬನನ್ನು ಹಾಕಿದ್ದರು. ಮೇಷ್ಟ್ರು ಉರಿದುಬಿದ್ದರು. "ಆ ಕಾರ್ಗೆ ಎಸ್ರು ತಂದೋನೇ ಅವ್ನು. ಅವುಂಗೇ ಇಳಿ ಅಂತಾರಲ್ಲ!"

"ವಯಸ್ಸಾಯ್ತಲ್ಲ ಮೇಷ್ಟ್ರೇ. ಹೋದ ವರ್ಷ ಎರಡು ಸಲ ಗೋಡೆಗೆ ಹೊಡ್ದ. ಕಣ್ಣು ಕೈ ಸೋತ ಮೇಲೆ ಇಳೀಲೇಬೇಕಲ್ವಾ?" ಎಂದೆ. ಚರ್ಚೆಯ ಹುರುಪಿನಲ್ಲಿ ಆಡಿದ ಮಾತು. ಅವರು ಟೀ ಲೋಟ ಕೆಳಗಿಡುವಾಗ ಅದು ಬೆಂಚಿನ ಅಂಚಿಗೆ ಟಕಟಕ ಬಡಿಯಿತು. ಎಡಗೈಯನ್ನು ಬಲಗೈಯಲ್ಲಿ ಹಿಡಿದು ತೊಡೆಯ ನಡುವೆ ಸೇರಿಸಿಕೊಂಡರು. ಆಗ ನೋಡಿದೆ, ಸಾಹೇಬರು ಮುಖ ತಿರುಗಿಸಿದ್ದರು. ಅವರಿಗೆ ಮೊದಲೇ ಗೊತ್ತಿತ್ತು.

ಕೈ ನಡುಗುವ ಕಾಯಿಲೆ. ಬರಬರುತ್ತ ಕಾಲೂ ಮಾತು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಮೇಷ್ಟ್ರ ಹೆಂಡತಿ ನನ್ನನ್ನು ಮನೆಗೆ ಕರೆಸಿ, "ನೀನ್ ಯೋಳಿದ್ರೆ ಕೇಳ್ತಾರೆ ಕಣವ್ವ. ಕಾರ್ ಬುಡು ಅನ್ನು. ನಾವೆಲ್ಲ ಯೋಳಿ ಸೋತೋ" ಎಂದು ಕೈ ಹಿಡಿದುಕೊಂಡರು. ನಾನು ಹೇಳುತ್ತೇನೆ ಎಂದೆ. ಹೇಳಲಿಲ್ಲ. ಇವತ್ತು ನಾಳೆ ಎಂದು ತಿಂಗಳು ಕಳೆಯಿತು.

ಮಾರ್ಚಿನ ಒಂದು ಬೆಳಿಗ್ಗೆ ನಾನು ಸ್ಕೂಲಿಗೆ ಹೊರಟಿದ್ದೆ. ಮುಂದೆ ‘ಎಲ್’ ಬೋರ್ಡಿನ ಅವರ ಕಾರು. ಕಾಲೇಜು ಹುಡುಗಿಯೊಬ್ಬಳು ಕಲಿಯುತ್ತಿದ್ದಳು. ಪಕ್ಕದ ದಾರಿಯಿಂದ ಮೊಪೆಡ್ಡಿನಲ್ಲಿ ಹುಲ್ಲಿನ ಹೊರೆ ಹೇರಿಕೊಂಡ ರೈತರೊಬ್ಬರು ರಸ್ತೆಗೆ ಬಂದರು. ಹುಡುಗಿ ಗಾಬರಿಯಾಗಿ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದಳು. ಕಲಿಸುವವರಿಗೆಂದೇ ಎಡಗಡೆ ಇಟ್ಟ ಇನ್ನೊಂದು ಬ್ರೇಕು ಮೇಷ್ಟ್ರ ಕಾಲ ಕೆಳಗೇ ಇತ್ತು. ಅದು ಬೀಳಬೇಕಾದ ಕ್ಷಣದಲ್ಲಿ ಬೀಳಲಿಲ್ಲ. ತಡವಾಗಿ ಬಿತ್ತು. ಕಾರು ತಗುಲಿ ರೈತರು ಹುಲ್ಲಿನ ಸಮೇತ ಚರಂಡಿಗೆ ಉರುಳಿದರು. ಪುಣ್ಯಕ್ಕೆ ಮೊಣಕೈ ತರಚಿತು, ಅಷ್ಟೇ.

ನಾನು ಇಳಿದು ಓಡಿದೆ. ರೈತರನ್ನು ಎಬ್ಬಿಸಿ ಕೂರಿಸಿ, ತಿರುಗಿ ನೋಡಿದರೆ ಮೇಷ್ಟ್ರು ಕಾರಿನಿಂದಿಳಿದು, "ಏನಾಗಿಲ್ಲ, ಏನಾಗಿಲ್ಲ. ಕಾರ್ ಅತ್ತು ಮಗ, ಓಡ್ಸು" ಎಂದು ಆ ಹುಡುಗಿಗೆ ಹೇಳುತ್ತಿದ್ದರು. ನನಗೆ ಏನಾಯಿತೋ. ಅಷ್ಟು ಜನರ ನಡುವೆ, ಆ ಹುಡುಗಿಯ ಮುಂದೆ, ತರಗತಿಯಲ್ಲಿ ಗದರುವ ದನಿಯಲ್ಲೇ, "ಸಾಕು ಮೇಷ್ಟ್ರೇ. ಇನ್ನೂ ಯಾರನ್ನಾದ್ರೂ ಕೊಲ್ಲಬೇಕಾ? ಕೀ ಕೊಡಿ" ಎಂದು ಕೈ ಚಾಚಿದೆ.

ಅವರು ಕಾರಿನೊಳಗೆ ಬಗ್ಗಿ ಕೀ ತೆಗೆದರು. ನಡುಗುವ ಕೈಯಿಂದ ಅದು ಎರಡು ಸಲ ಕೆಳಗೆ ಬಿತ್ತು. ಎರಡು ಸಲವೂ ತಾವೇ ಬಗ್ಗಿ ಎತ್ತಿಕೊಂಡರು, ನಾನು ಎತ್ತಿಕೊಡಲಿಲ್ಲ. ನನ್ನ ಅಂಗೈಯಲ್ಲಿ ಕೀ ಇಟ್ಟು, ಊರಿನ ಕಡೆಗೆ ನಡೆದುಕೊಂಡು ಹೋದರು. ನಾನು ಆಡಿದ್ದು ತಪ್ಪಲ್ಲ, ಅದು ಆಗಲೇಬೇಕಿತ್ತು. ಆದರೆ ಒಂದು ತಿಂಗಳು ಮೊದಲು, ಅವರ ಮನೆಯ ಜಗುಲಿಯಲ್ಲಿ, ಮೆಲ್ಲಗೆ ಹೇಳಬಹುದಿತ್ತು.

ಸ್ಕೂಲು ಮುಚ್ಚಿತು. ಸೋಮವಾರಗಳೂ ನಿಂತವು. ನಾನು ಅವರ ಮನೆಗೆ ಹೋದರೆ ಮಲಗಿದ್ದಾರೆ ಎನ್ನುತ್ತಿದ್ದರು. ಸಾಹೇಬರು ಮಾತ್ರ, "ಟೈಂ ಕೊಡಿ ಮೇಡಂ, ಸಿಟ್ಟು ಇಳೀತದೆ" ಎನ್ನುತ್ತಿದ್ದರು.

ಏಳು ತಿಂಗಳಾದ ಮೇಲೆ ಮೇಷ್ಟ್ರ ಹೆಂಡತಿಯ ಫೋನು. ಕಾಯಿಲೆ ಹೆಚ್ಚಿ, ಹದಿನೈದು ದಿನಕ್ಕೊಮ್ಮೆ ಮೈಸೂರಿನ ಆಸ್ಪತ್ರೆಗೆ ಹೋಗಬೇಕಿತ್ತು. ಅವರ ಮಗಳು ಟ್ಯಾಕ್ಸಿ ಮಾಡಿದ್ದಳು. ಇವರು ಹತ್ತುವುದಿಲ್ಲ ಎಂದು ಹಠ ಹಿಡಿದಿದ್ದರು. "ಕಂಡೋರ್ ಕಾರಲ್ಲಿ ಕೂರಕ್ಕಿಲ್ಲ, ನಾನ್ ಕಲ್ಸಿರೋರ್ ಯಾರಾರ ಓಡುಸ್ಲಿ ಅಂತಾವ್ರೆ. ಯಾರು ಅಂದ್ರೆ ಬಾಯ್ಬುಡ್ತಿಲ್ಲ. ನೀನೇ ಬಾರವ್ವ."

ಹೋದೆ. ಅವರನ್ನು ಎಡಗಡೆ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ. ತುಂಬ ಇಳಿದುಹೋಗಿದ್ದರು. ಚಿನಕುರಳಿ ದಾಟುವವರೆಗೂ ಮಾತಿಲ್ಲ. ಆಮೇಲೆ, "ಥರ್ಡ್‌ನಲ್ಲೇ ಓಗ್ತಿದ್ದೀಯ" ಎಂದರು. ಗೇರು ಬದಲಿಸಿದೆ. ಅಷ್ಟರಲ್ಲೇ ನಮ್ಮ ಜಗಳ ಮುಗಿಯಿತು. ಕ್ಷಮಿಸಿ ಎನ್ನಲು ನನಗೆ ಅಲ್ಲಿ ಜಾಗ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ.

ಐದಾರು ಸಲ ಹೀಗೆ ಹೋಗಿಬಂದೆವು. ಪಾಂಡವಪುರ, ಶ್ರೀರಂಗಪಟ್ಟಣ, ಮೈಸೂರು. ಬರುವಾಗ ಅದೇ ದಾರಿ. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ನಿದ್ದೆ ಹೋಗುತ್ತಿದ್ದರು. ನಾನು ಓಟದ ಸುದ್ದಿ ಹೇಳುತ್ತಿದ್ದೆ. ಅವರ ಮಾತು ತೊದಲುತ್ತಿತ್ತು, ಆದರೂ ಯಾರ ಕಾರು ಯಾರಿಗೆ ಹೋಯಿತು ಎಂದು ಕೇಳಿ ತಿಳಿದುಕೊಳ್ಳುತ್ತಿದ್ದರು.

ಸಂಕ್ರಾಂತಿ ಆಗಿ ನಾಲ್ಕಾರು ದಿನ. ಆವತ್ತು ನನ್ನ ಬಳಿ ದೊಡ್ಡ ಸುದ್ದಿಯಿತ್ತು. ಊರು ಬಿಡುವ ಮೊದಲೇ ಹೇಳಿದೆ. "ಮೇಷ್ಟ್ರೇ, ಒಂದೇ ಓಟದ ಪದ್ಧತಿ ತೆಗೆದುಹಾಕಿದ್ರಂತೆ."

ಅವರು ಕುತ್ತಿಗೆಯನ್ನು ಕಷ್ಟಪಟ್ಟು ನನ್ನ ಕಡೆ ತಿರುಗಿಸಿದರು. "ವರ್ಷದ್ದೆಲ್ಲ... ಕೂಡುಸ್ತಾರಾ?"

"ಎಲ್ಲಾ ಅಲ್ಲ. ಕೊನೇ ಹತ್ತು ಓಟದ್ದು."

"ಅರ್ಧ ಬುದ್ಧಿ ಬಂದದೆ" ಎಂದರು. ನಾನು ನಕ್ಕೆ. ಅವರೂ ನಕ್ಕರೆಂದು ಕಾಣುತ್ತದೆ, ಮುಖದ ಸ್ನಾಯುಗಳು ಬಿಗಿದಿದ್ದರಿಂದ ಗೊತ್ತಾಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ನಿನ್ ಗಂಡುಂಗೆ ಯೋಳ್ಬೇಕಿತ್ತು. ಕುಣಿದಾಡ್ಬುಡೋನು, ಸಿಟ್ಗೆ" ಎಂದರು.

ಆಸ್ಪತ್ರೆಯಲ್ಲಿ ತಡವಾಯಿತು. ಹಿಂತಿರುಗುವಾಗ ಪಾಂಡವಪುರ ದಾಟಿ ನಾಲೆಯ ಪಕ್ಕ ಬರುತ್ತಿದ್ದೆವು. ಬಿಸಿಲು ಇಳಿದಿತ್ತು. "ನಿಲ್ಸವ್ವ" ಎಂದರು. ಮೂತ್ರಕ್ಕೇನೋ ಎಂದು ಕಾರನ್ನು ಪಕ್ಕಕ್ಕೆ ಹಾಕಿದೆ.

"ನಾನೊಂದ್ ಚಣ ಅತ್ಲಾಗೆ ಕೂತ್ಕತೀನಿ" ಎಂದರು. ನನ್ನ ಸೀಟಿನ ಕಡೆ ಕಣ್ಣು.

ನನ್ನ ಕೈ ಕೀಯ ಮೇಲೆ ಹೋಯಿತು.

"ಇಂಜಿನ್ ಬ್ಯಾಡ. ಕೀ ನಿನ್ ತಾವೇ ಇರ್ಲಿ. ಸುಮ್ಕೆ ಕೂತ್ಕತೀನಿ. ಐದ್ ನಿಮ್ಸ."

ಕಬ್ಬು ತುಂಬಿದ ಟ್ರಾಕ್ಟರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವರನ್ನು ಇಳಿಸಿ, ಕಾರಿನ ಮುಂದಿನಿಂದ ನಡೆಸಿಕೊಂಡು ರಸ್ತೆಯ ಕಡೆಯ ಬಾಗಿಲಿಗೆ ತರಬೇಕಿತ್ತು. ಹಿಂದೆ ಅವರ ಹೆಂಡತಿಗೆ ನಿದ್ದೆ. ನನಗೆ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಪೇಪರುಗಳನ್ನು ಕತ್ತಲಾಗುವುದರೊಳಗೆ ಹೆಡ್ಮಾಸ್ಟರ ಮನೆಯಿಂದ ತರಬೇಕಿತ್ತು. ಇವೆಲ್ಲ ನಿಜವಾದ ಕಾರಣಗಳೇ. "ಮುಂದಿನ ಸಲ ಕೂತ್ಕೊಳ್ಳೋರಂತೆ ಮೇಷ್ಟ್ರೇ, ಈಗ ಹೊತ್ತಾಯ್ತು" ಎಂದೆ.

"ಆಯ್ತು ಬುಡವ್ವ" ಎಂದರು. ಮತ್ತೆ ಕೇಳಲಿಲ್ಲ.

ಅದಾಗಿ ಒಂಬತ್ತನೇ ದಿನ ನ್ಯುಮೋನಿಯಾ ಆಗಿ ಇಲ್ಲಿನ ಆಸ್ಪತ್ರೆಗೇ ಸೇರಿಸಿದರು. ಎರಡು ದಿನವಿದ್ದರು. ಮಣ್ಣಿಗೆ ಹೋಗುವಾಗ ಅವರ ತೋಟದ ದಾರಿಯುದ್ದಕ್ಕೂ ಕಾರು, ಲಾರಿ, ಟೆಂಪೋ, ಟ್ರಾಕ್ಟರು ನಿಂತಿದ್ದವು. ಓಡಿಸಿಕೊಂಡು ಬಂದವರೆಲ್ಲ ಅವರಿಂದ ಕಲಿತವರು. ಸಾಹೇಬರು ಅಂಗಡಿ ಮುಚ್ಚಿ ಬಂದು, ಎಲ್ಲರಿಗಿಂತ ಹಿಂದೆ, ಟೋಪಿ ತೊಟ್ಟು ನಿಂತಿದ್ದರು. ಹಳ್ಳಕ್ಕೆ ಮೂರು ಹಿಡಿ ಮಣ್ಣು ಹಾಕಿ, ಕೈ ಕೊಡವಿಕೊಂಡು ಹೋದರು.

ಹೊಸ ಪದ್ಧತಿಯ ಮೊದಲ ಓಟ ಅದಾದ ಎರಡು ವಾರಕ್ಕೆ ನಡೆಯಿತು. ನಾನಿನ್ನೂ ನೋಡಿಲ್ಲ.

ಮೊನ್ನೆ ಶ್ರೀರಂಗಪಟ್ಟಣದಲ್ಲಿ ಶಿಕ್ಷಕರ ತರಬೇತಿ ಮುಗಿಸಿಕೊಂಡು ಒಬ್ಬಳೇ ಬರುತ್ತಿದ್ದೆ. ನಾಲೆಯ ಹತ್ತಿರ ಅದೇ ಜಾಗದಲ್ಲಿ ಕಾರು ನಿಲ್ಲಿಸಿದೆ. ಕೀ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಇಳಿದು, ಕಾರಿನ ಮುಂದಿನಿಂದ ನಡೆದು ಬಂದು, ಎಡಗಡೆಯ ಬಾಗಿಲು ತೆಗೆದು ಕೂತೆ. ನನ್ನ ಸೀಟು ಖಾಲಿಯಾಗಿತ್ತು. ಕೈಗಡಿಯಾರ ನೋಡಿಕೊಂಡು ಕೂತೆ. ಎರಡು ಕಬ್ಬಿನ ಟ್ರಾಕ್ಟರು ಹೋದವು, ಒಂದು ಬಸ್ಸು ಹೋಯಿತು. ಐದು ನಿಮಿಷ ಎಷ್ಟು ಬೇಗ ಮುಗಿದುಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ.